ದಾರಿ ಅವನದು, ಬಾವಿ ಇವನದು

ಬೆಟಗೇರಿಯಲ್ಲಿ ಗಾದಿ ಹೊಲಿಯುವ ಪಿಂಜಾರ ಖಾಜಾಸಾಬನಿಗೆ ಹೊಟ್ಟೆಕಿಚ್ಚು ಅನ್ನುವುದು ಮದುವೆಯ ಜೊತೆಗೇ ಬಂದದ್ದು. ಅವನ ಹೆಂಡತಿ ಗೌಸಬಿಗೆ ಖೈರುನಬಿ ಎಂಬ ಅಕ್ಕ ಇದ್ದಳು. ಆ ಅಕ್ಕನಿಗೆ ದಸ್ತಗೀರಸಾಬ ಎಂಬ ಗಂಡ ಇದ್ದ. ತೊಂದರೆ ಎಲ್ಲಾ ಅಲ್ಲಿಂದಲೇ ಶುರು. ಈ ಸಡ್ಡಕ ಗದಗಿನ ಹತ್ತಿ ಪೇಟೆಯಲ್ಲಿ ಅಂಗಡಿ ಇಟ್ಟವನು, ದಿನಾ ಬಿಳಿ ಅಂಗಿ ತೊಡುವವನು. ಖಾಜಾಸಾಬ ರೇಡಿಯೊ ತಂದ ದಿನ ಅವನ ಮನೆಯಲ್ಲಿ ಅದಕ್ಕಿಂತ ದೊಡ್ಡ ರೇಡಿಯೊ ಆಗಲೇ ಹಾಡುತ್ತಿತ್ತು. ಖಾಜಾಸಾಬ ಸೈಕಲ್ ಕೊಂಡರೆ ಅವನು ಲೂನಾ ಹತ್ತಿ ಬಂದು 'ಛಲೋ ಐತಿ ಸೈಕಲ್ಲು, ವ್ಯಾಯಾಮ ಆಗತೈತಿ' ಅಂದ. ಖಾಜಾಸಾಬನಿಗೆ ಗಂಡುಮಗು ಹುಟ್ಟಿದ ವರ್ಷ ಅವನಿಗೆ ಅವಳಿ ಗಂಡುಮಕ್ಕಳು ಹುಟ್ಟಿದವು. ಇದಕ್ಕೆ ಯಾರನ್ನು ಕೇಳುವುದು?

ಆದರೂ ಇವೆಲ್ಲ ತಡೆದುಕೊಳ್ಳಬಹುದಾದ ಸಂಗತಿಗಳು. ಎಪ್ಪತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಖೈರುನಬಿ ಒಂದು ಬುಟ್ಟಿ ಬದನೆಕಾಯಿ ಹೊತ್ತು ತಂಗಿಯ ಮನೆಗೆ ಬಂದಳು.

"ನಮ್ಮ ಹೊಲದ್ದು, ತಂಗಿ. ನಿಮ್ಮ ಭಾವಾರು ಅಡರಕಟ್ಟ್ಯಾಗ ಹೊಲಾ ತಗೊಂಡಾರ. ಯಾರಿಗೂ ಹೇಳಬ್ಯಾಡ ಅಂದಾರ" ಅಂತ ಓಣಿಗೆಲ್ಲ ಕೇಳುವ ಹಾಗೆ ಹೇಳಿ ಹೋದಳು.

ಮಧ್ಯಾಹ್ನ ಊಟಕ್ಕೆ ಎಣ್ಣೆಗಾಯಿ ಆಯಿತು. ಖಾಜಾಸಾಬ ಒಂದು ತುತ್ತು ತಿಂದು "ಕಹಿ ಅದಾವ" ಅಂದ. ಇನ್ನೆರಡು ಹಾಕಿಸಿಕೊಂಡು "ಇವೂ ಕಹಿ" ಅಂದ. ಮತ್ತೆ ತಟ್ಟೆ ಚಾಚಿದಾಗ ಗೌಸಬಿ ಬೋಗುಣಿಯನ್ನೇ ಎತ್ತಿಟ್ಟಳು.

"ಕಹಿ ತಿಂದು ತಿಂದು ಹೊಟ್ಟಿ ಕೆಟ್ಟೀತು. ಸಾಕು ಏಳ್ರಿ."

ಖಾಜಾಸಾಬ ಕೈ ತೊಳೆದು ಲಾಡಸಾಬನ ಚಾದ ಅಂಗಡಿಗೆ ಹೋದ. ಅಲ್ಲಿ ಅವನಿಗಿಂತ ಮೊದಲೇ ಸುದ್ದಿ ಬಂದು ಕೂತಿತ್ತು. ಬೇರೆ ದಿನ 'ಬಾ ಖಾಜಾ' ಅನ್ನುತ್ತಿದ್ದ ಲಾಡಸಾಬ ಆ ದಿನ "ಬರ್ರಿ, ಜಮೀನದಾರ ಸಡ್ಡಕರು!" ಅಂದ. ಬಾಕಿನ ಮೇಲೆ ಕೂತವರೆಲ್ಲ ಸರಿದು ಜಾಗ ಮಾಡಿಕೊಟ್ಟರು. ಹೀಗೆ ಇನ್ನೊಬ್ಬನ ಹೊಲದ ಸಲುವಾಗಿ ಸಿಕ್ಕ ಜಾಗದಲ್ಲಿ ಕೂತಾಗ ಖಾಜಾಸಾಬನಿಗೆ ಮುಳ್ಳಿನ ಮೇಲೆ ಕೂತಂತಾಯಿತು.

"ಅವಂದೇನ ದೊಡ್ಡದು? ನಾನೂ ಹೊಲಾ ನೋಡಾಕತ್ತೇನಿ" ಅಂದುಬಿಟ್ಟ.

ಅವನು ನೋಡುತ್ತಿರಲಿಲ್ಲ. ಅಡರಕಟ್ಟಿ ಎಲ್ಲಿದೆ ಅನ್ನುವುದೂ ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಆದರೆ ಚಾದ ಅಂಗಡಿಯಲ್ಲಿ ಆಡಿದ ಮಾತಿಗೆ ಕಾಲು ಬರುತ್ತವೆ. ಸಂಜೆಯೊಳಗೆ ಬೆಟಗೇರಿಯ ಅರ್ಧ ಮಂದಿ ಅವನಿಗೆ ಬುದ್ಧಿ ಹೇಳಲು ತಯಾರಾಗಿ ನಿಂತರು. ಒಬ್ಬ, ಮಣ್ಣನ್ನು ನಾಲಗೆಯ ಮೇಲಿಟ್ಟು ನೋಡು ಅಂದ. ಇನ್ನೊಬ್ಬ, ಹೊಲದಲ್ಲಿ ನಿಂತು ಗಟ್ಟಿಯಾಗಿ ಕೂಗು, ಜಗಳಕ್ಕೆ ಎಷ್ಟು ಮಂದಿ ಓಡಿ ಬರುತ್ತಾರೆ ನೋಡಿಕೋ ಅಂದ. ಮತ್ತೊಬ್ಬ ಹೊಲದಲ್ಲಿ ಹುತ್ತ ಎಷ್ಟಿವೆ ಎಣಿಸು ಅಂದ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಇವರ ನಡುವೆ ಸರಿಯಾಗಿ ಹೇಳಿದವರು ಅಂದಾನಪ್ಪನವರು ಒಬ್ಬರೇ. ಅವರು ಶಿರಹಟ್ಟಿ ಕಡೆ ಹೊಲಗಳ ಲೆಕ್ಕ ಬರೆಯುವ ತಲಾಠಿಕೆ ಮಾಡಿ ನಿವೃತ್ತರಾಗಿ ಬೆಟಗೇರಿಯಲ್ಲಿ ಮನೆ ಮಾಡಿದ್ದರು.

"ನೋಡ್ಪಾ ಖಾಜಾ, ಹೊಲಾ ತಗೊಳ್ಳೂದು ಅಂದ್ರ ಗಾದಿ ತಗೊಂಡಂಗಲ್ಲ. ಮಾರಾಂವ ಖರೇನ ಮಾಲಕ ಹೌದೋ ಅಲ್ಲೋ ನೋಡು. ಅವನ ಅಕ್ಕತಂಗ್ಯಾರು ನಾಳೆ ಪಾಲು ಕೇಳಾಕ ಬರೂದಿಲ್ಲಲ್ಲ, ಅದನ್ನ ನೋಡು. ಬಂಡಿ ಯಾವ ಕಡಿಂದ ಒಳಗ ಹೊಕ್ಕತೈತಿ, ನೀರು ಯಾರದು..."

"ಅಂದಾನಪ್ಪಾರ, ಇದನ್ನೆಲ್ಲಾ ನಮ್ಮ ದಸ್ತಗೀರಸಾಬ ನೋಡ್ಯಾನೇನ್ರಿ?"

"ಅಂವ ನನ್ನನ್ನ ಕೇಳಾಕ ಬಂದಿಲ್ಲಪಾ."

"ಅಂವ ಕೇಳದ ತಗೊಂಡಾನ ಅಂದ್ರ ನಾ ಯಾಕ ಕೇಳಲಿ? ಅವನಕಿಂತ ನಾ ದಡ್ಡೇನು?" ಅಂದ ಖಾಜಾಸಾಬ.

ಅಂದಾನಪ್ಪನವರು ತಮ್ಮ ನೌಕರಿಯ ಕಾಲದಲ್ಲಿ ಬಹಳ ವಾದ ಕೇಳಿದ್ದರು. ಇಂಥದ್ದನ್ನು ಕೇಳಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮರುದಿನವೇ ಖಾಜಾಸಾಬ ಅಡರಕಟ್ಟಿಗೆ ಹೋಗಲು ಲಕ್ಷ್ಮೇಶ್ವರದ ಬಸ್ ಹತ್ತಿದ. ಹುಲಕೋಟಿ ಕಡೆ ಅವನ ಅಪ್ಪನ ಪಾಲಿಗೆ ಬಂದ, ಬರೀ ಕಲ್ಲು ಬೆಳೆಯುವ ಒಂದು ತುಂಡು ನೆಲವಿತ್ತು; ಸರಕಾರದ ಕಣ್ಣಿಗೆ ರೈತ ಅನ್ನಿಸಿಕೊಂಡು ಇನ್ನೊಂದು ಹೊಲ ಕೊಳ್ಳಲು ಅಷ್ಟು ಸಾಕಾಗಿತ್ತು. ಆದರೆ ಎಲ್ಲಿಯದೋ ಹೊಲ ಅವನಿಗೆ ಬೇಡ. ದಸ್ತಗೀರಸಾಬನ ಹೊಲಕ್ಕೆ ಹತ್ತಿಕೊಂಡೇ ಇರಬೇಕು. ನೋಡಿದವರು ತಲೆ ಇತ್ತಿಂದತ್ತ ಹೊರಳಿಸಿದರೆ ಸಾಕು, ಯಾವುದು ದೊಡ್ಡದು ಅಂತ ತಿಳಿಯಬೇಕು.

ಅಡರಕಟ್ಟಿಯಲ್ಲಿ ದಸ್ತಗೀರಸಾಬನಿಗೆ ಹೊಲ ಮಾರಿದವನು ಚನ್ನಬಸವಣ್ಣ. ಸುಳ್ಳು ಹೇಳದ ಮನುಷ್ಯ ಅಂತ ಸುತ್ತಲಿನ ಊರುಗಳಲ್ಲಿ ಅವನಿಗೆ ಹೆಸರು. ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದ. ಕೇಳದೇ ಇದ್ದದ್ದನ್ನು ಹೇಳುವ ಚಟ ಮಾತ್ರ ಅವನಿಗೆ ಇರಲಿಲ್ಲ.

"ಕುಂಡ್ರಿ, ಮಜ್ಜಿಗಿ ಕುಡೀರಿ" ಅಂದ ಚನ್ನಬಸವಣ್ಣ.

"ಮಜ್ಜಿಗಿ ಆಮ್ಯಾಲೆ. ದಸ್ತಗೀರಸಾಬನ ಹೊಲದ ಮಗ್ಗಲದ್ದು ಯಾರದು?"

"ನಂದ ಐತ್ರಿ. ಒಂದ ಹೊಲಾ ಇತ್ತು, ನಡುವ ಒಡ್ಡು ಹಾಕಿ ಎರಡು ಮಾಡೀನಿ. ಮುಂದಿನ ಅರ್ಧಾ ಅವರಿಗೆ ಕೊಟ್ಟೆ. ಹಿಂದಿನ ಅರ್ಧಾ ಉಳದೈತಿ."

"ಅವಂದಕಿಂತ ದೊಡ್ಡದೈತೇನು?"

"ನಾಕು ಗುಂಟೆ ಹೆಚ್ಚಿಗಿ ಐತ್ರಿ."

ಖಾಜಾಸಾಬನ ಎದೆ ಅಂಗಿಯೊಳಗೆ ನಾಲ್ಕು ಗುಂಟೆ ಅಗಲವಾಯಿತು. ಇಬ್ಬರೂ ನೋಡಲು ಹೊರಟರು. ಬಂಡಿದಾರಿ ಬಿಟ್ಟು ದಸ್ತಗೀರಸಾಬನ ಹೊಲದ ನಡುವೆಯೇ ಚನ್ನಬಸವಣ್ಣ ಕರೆದುಕೊಂಡು ಹೋದ. ಖಾಜಾಸಾಬ ಉದ್ದಕ್ಕೂ ಸಡ್ಡಕನ ಹೊಲದ ಐಬು ಹುಡುಕುತ್ತ ನಡೆದ. ಇಲ್ಲಿ ಕರಿಕೆ ಹುಲ್ಲು ಬಿದ್ದಿದೆ, ಅಲ್ಲಿ ತಗ್ಗಿದೆ, ಈ ಕಡೆ ಕಲ್ಲು ಹೆಚ್ಚು. ಹೀಗೆ ಅವನ ಹೊಲವನ್ನು ಅಷ್ಟು ಚೆನ್ನಾಗಿ ಪರೀಕ್ಷೆ ಮಾಡಿ ಮುಗಿಸುವ ಹೊತ್ತಿಗೆ ತಾನು ಕೊಳ್ಳಬೇಕಾದ ಹೊಲ ಬಂದಿತ್ತು, ಕಣ್ಣು ದಣಿದಿದ್ದವು.

"ಅವನ ಹೊಲದಾಗ ಇಲ್ಲದ್ದು ಇದರಾಗ ಏನರ ಐತೇನು?" ಅಂತ ಕೇಳಿದ.

"ಬಾವಿ ಐತ್ರಿ."

ಬೇವಿನ ಗಿಡದ ಕೆಳಗೆ ಕಲ್ಲು ಕಟ್ಟಿದ ಬಾವಿ, ಬೇಸಿಗೆಯಲ್ಲೂ ನೀರು ಕಾಣುತ್ತಿತ್ತು.

"ಅಂದ್ರ... ಅವನಿಗೆ ಬಾವಿ ಇಲ್ಲ?"

"ಇಲ್ರಿ. ಈ ಗಿಡದ ಬುಡಕ್ಕ ಕುಂತ ಮಾತು ಮುಗಿಸಿದ್ವಿ. ಬಾವಿ ತಮಗ ಬಂತು ಅಂತ ಅವರು ತಿಳಕೊಂಡ್ರು. ಖರೀದಿ ಆದ ಮ್ಯಾಲೆ ಕೇಳಿದ್ರು, ಹೇಳಿದೆ."

"ಹಂಗಾದ್ರ ಅವನ ಬದನಿಕಾಯಿ?"

"ಲಕ್ಷ್ಮೇಶ್ವರದ ಸಂತ್ಯಾಗ ತಗೊಂಡು ಬಸ್ ಹತ್ತಿದ್ದು ನೋಡೀನ್ರಿ."

ಖಾಜಾಸಾಬ ನಕ್ಕ. ಬೇವಿನ ಗಿಡದ ಹಕ್ಕಿಗಳೆಲ್ಲ ಎದ್ದು ಹಾರಿದವು.

"ಮತ್ತೇನರ ಕೇಳೂದೈತೇನ್ರಿ?" ಅಂದ ಚನ್ನಬಸವಣ್ಣ.

"ಏನೂ ಇಲ್ಲ."

"ವಿಚಾರ ಮಾಡ್ರಿ. ಏನರ ಇದ್ರ ಈಗ ಕೇಳ್ರಿ."

"ಏನೂ ಇಲ್ಲ ಅಂದೆನಲ್ಲ!"

"ಹಿಂದಾಗಡೆ ಅಂದೀರಿ, ಅದಕ್ಕ ಕೇಳಿದೆ."

"ಚನ್ನಬಸವಣ್ಣಾರ, ನೀವು ಮಾತು ಭಾಳ ಆಡತೀರಿ. ಕಾಗದ ಮಾಡಿಸ್ರಿ" ಅಂದ ಖಾಜಾಸಾಬ.

ಗೌಸಬಿಯ ತವರಿನ ಬಂಗಾರ ಗದಗಿನ ಸರಾಫನ ಅಂಗಡಿಗೆ ಹೋಯಿತು. ಶಿರಹಟ್ಟಿಯಲ್ಲಿ ಖರೀದಿ ನೋಂದಣಿ ಆಯಿತು. ಬಂಗಾರ ಬಿಚ್ಚಿಕೊಡುವಾಗ ಗೌಸಬಿ ಒಂದೇ ಮಾತು ಕೇಳಿದಳು.

"ಹೊಲಾ ಹೆಂಗೈತ್ರಿ?"

"ಅವಂದಕಿಂತ ಛಲೋ ಐತಿ."

"ಅದನ್ನ ಕೇಳಲಿಲ್ಲ ನಾ. ನಮ್ಮ ಅಂಗಡಿಗಿ ಗಾದಿ ತಗೊಳ್ಳಾಕ ಬಂದವರು ಒಳಗ ಹತ್ತಿ ಐತೋ ಹುಲ್ಲು ಐತೋ ಅಂತ ಮೂಲಿ ಬಿಚ್ಚಿಸಿ ನೋಡತಾರ. ನೀವು ಹೊಲಾ ನೋಡಾಕ ಹೋಗಿ ಸಡ್ಡಕನ ಮಾರಿ ನೋಡಿ ಬಂದೀರಿ."

ಸಡ್ಡಕನ ಮುಖವನ್ನು ಖಾಜಾಸಾಬ ನೋಡಿದ್ದು ಆಮೇಲೆ. ಖರೀದಿ ಮುಗಿಸಿ ನೇರ ಗದಗಿಗೆ ಹೋಗಿ ಹತ್ತಿ ಪೇಟೆಯ ಅಂಗಡಿಯ ಕಟ್ಟೆ ಹತ್ತಿದ. ಚಾ ಕುಡಿಯುತ್ತಿದ್ದ ದಸ್ತಗೀರಸಾಬನ ಮುಂದೆ ನಿಂತು ಹೊಲದ ಸುದ್ದಿ ಹೇಳಿದ.

"ಹಿಂದಿನ ಅರ್ಧಾ? ಬಾವಿ ಇದ್ದದ್ದು?" ದಸ್ತಗೀರಸಾಬನ ಕೈಯಲ್ಲಿ ಕಪ್ಪು ಹಾಗೇ ನಿಂತಿತು. ಬಿಳಿ ಅಂಗಿಗೂ ಮುಖಕ್ಕೂ ಫರಕು ಉಳಿಯಲಿಲ್ಲ. ಆ ನೋಟ ಖಾಜಾಸಾಬನಿಗೆ ಹಬ್ಬದ ಬಿರ್ಯಾನಿಗಿಂತ ರುಚಿಯಾಯಿತು.

"ಹೌದ್ರಿ ಅಣ್ಣಾರ. ನಿಮಗ ಬದನಿಕಾಯಿಗೆ ನೀರು ಬೇಕಾದ್ರ ಕೇಳ್ರಿ."

ಆದರೆ ನೋಡುತ್ತಿದ್ದ ಹಾಗೆ ದಸ್ತಗೀರಸಾಬನ ಮುಖಕ್ಕೆ ಮೆಲ್ಲಗೆ ಬಣ್ಣ ಮರಳಿತು. ಏನೋ ನೆನಪಾದವನಂತೆ ನಕ್ಕ. ಎದ್ದು ಬಂದು ಖಾಜಾಸಾಬನನ್ನು ತಬ್ಬಿಕೊಂಡ.

"ಭಾಳ ಛಲೋ ಆತು ಖಾಜಾ. ಯಾವಾಗ ಹೊಲಕ್ಕ ಬರತೀ?"

"ಮುಂದಿನ ಜುಮ್ಮಾ ಮರುದಿನ. ಓಣಿ ಮಂದೀಗೆಲ್ಲಾ ಹೊಲದಾಗ ಊಟ."

"ಬಾ, ಬಾ. ನಾನೂ ಅಲ್ಲೇ ಇರತೀನಿ."

ಆ ಊಟದ ತಯಾರಿ ಬೆಟಗೇರಿಯಲ್ಲಿ ಬಹಳ ದಿನ ಮಾತಾಗಿ ಉಳಿಯಿತು. ಹೊಲದಲ್ಲಿ ಎಲ್ಲರೂ ನೆಲದ ಮೇಲೆ ಕೂತು ಉಣ್ಣುತ್ತಾರೆ. ಖಾಜಾಸಾಬನ ಮಂದಿ ಗಾದಿಯ ಮೇಲೆ ಕೂತು ಉಣ್ಣಬೇಕು ಅಂತ ಅವನ ಹಟ. ಲಕ್ಷ್ಮೇಶ್ವರದಲ್ಲಿ ಎರಡು ಬಂಡಿ ಬಾಡಿಗೆಗೆ ಹಿಡಿದ. ಒಂದರಲ್ಲಿ ಹೊಸ ಗಾದಿಗಳು, ಇನ್ನೊಂದರಲ್ಲಿ ಅಡಿಗೆಯ ಪಾತ್ರೆಗಳು. ನೀರು ಯಾಕೆ ಬೇಕು, ಬಾವಿಯೇ ಇದೆಯಲ್ಲ ಅಂತ ಕೊಡ ಒಂದನ್ನೂ ತುಂಬಿಸಲಿಲ್ಲ. ಲಾಡಸಾಬ, ಅಂದಾನಪ್ಪನವರು, ಓಣಿಯ ಹೆಂಗಸರು ಮಕ್ಕಳು, ಎಲ್ಲರೂ ನಗುತ್ತ ಮಾತಾಡುತ್ತ ಬಂಡಿಗಳ ಹಿಂದೆ ನಡೆದರು.

ಬಂಡಿದಾರಿ ಮುಗಿದು ದಸ್ತಗೀರಸಾಬನ ಹೊಲ ಶುರುವಾಗುವಲ್ಲಿ ಆಳೆತ್ತರದ ಜಾಲಿಮುಳ್ಳಿನ ಬೇಲಿ ಎದ್ದಿತ್ತು. ಅದರ ಹಿಂದೆ ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದು, ದಸ್ತಗೀರಸಾಬ ಕೂತಿದ್ದ.

"ಎಲ್ಲಿಗೆ ಹೊಂಟೈತಿ ಸವಾರಿ?"

"ನನ್ನ ಹೊಲಕ್ಕ."

"ಹೋಗು. ಬ್ಯಾಡ ಅಂದವರು ಯಾರು? ನನ್ನ ಹೊಲಾ ಮಾತ್ರ ತುಳೀಬ್ಯಾಡ."

"ಮತ್ತ ಹೆಂಗ ಹೋಗಲಿ?"

"ಅದನ್ನ ನೀ ತಗೊಳ್ಳೂ ಮುಂದ ಕೇಳಬೇಕಾಗಿತ್ತು. ಹಿಂದಿನ ಅರ್ಧಾ ಅಂದ್ರ ಹಿಂದ ಇರತೈತಿ ಅಲ್ಲೇನು?"

ಖಾಜಾಸಾಬ ಸುತ್ತ ನೋಡಿದ. ಅವನ ಹೊಲದ ಎಡಕ್ಕೆ ಹಳ್ಳ, ಹಿಂದೆ ಬರೀ ಕಲ್ಲುಗುಡ್ಡ, ಬಲಕ್ಕೆ ಮುದುಕವ್ವ ಎಂಬಾಕೆಯ ಮೆಣಸಿನ ಅಗಿಯ ಮಡಿಗಳು, ಸಸಿ ಆಗಷ್ಟೇ ಎದ್ದಿದ್ದವು. ಮೊದಲು ಹಳ್ಳದ ಕಡೆ ಬಂಡಿ ತಿರುಗಿಸಿದ. ಎತ್ತುಗಳು ಇಳಿದವು, ಬಂಡಿ ಇಳಿಯಲಿಲ್ಲ, ಗಾದಿಗಳು ಮಾತ್ರ ಒಂದರ ಹಿಂದೊಂದು ಇಳಿದು ಕೆಸರಿನಲ್ಲಿ ಹಾಸಿಕೊಂಡು ಬಿದ್ದವು. ಅವನ್ನು ಎತ್ತಿ ಹಿಂಡಿ, ಮುದುಕವ್ವನ ಕಡೆ ಬಂದರು. ಮುದುಕವ್ವ ಹೆಸರಿಗಷ್ಟೇ ಮುದುಕಿ. ಸೀರೆಯ ಕಚ್ಚೆ ಬಿಗಿದು ಎತ್ತುಗಳ ಮುಂದೆಯೇ ಕೂತಳು.

"ನನ್ನ ಅಗಿ ಮ್ಯಾಲೆ ಗಾಲಿ ಹಾಯಬೇಕಂದ್ರ ಮೊದಲ ನನ್ನ ಮ್ಯಾಲೆ ಹಾಯಲಿ. ಗಾದಿ ಅದಾವಲ್ಲ, ಒಂದರ ಮ್ಯಾಲೆ ನನ್ನ ಮಲಗಿಸಿ ಹೊತಗೊಂಡು ಹೋಗ್ರಿ ಮತ್ತ!"

ಕೊನೆಗೆ ಎಲ್ಲರೂ ಬಂಡಿದಾರಿಯ ಮೇಲೆಯೇ ಹಸಿ ಗಾದಿ ಹಾಸಿಕೊಂಡು ಕೂತರು. ಕಡಕ್ ರೊಟ್ಟಿ, ಖಾರದ ಪಲ್ಯ ಉಂಡರು. ಖಾರ ಹತ್ತಿತು. ನೀರಿಲ್ಲ. ನೀರು ಬಾವಿಯಲ್ಲಿದೆ, ಬಾವಿ ಅಲ್ಲಿ ಕಾಣುತ್ತಿದೆ. ಬೇಲಿಯಾಚೆ ದಸ್ತಗೀರಸಾಬನೂ ನಾಲಗೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದ. ಅವನೂ ನೀರು ತಂದಿರಲಿಲ್ಲ.

ಲಾಡಸಾಬ ಕಣ್ಣೀರು ಒರೆಸಿಕೊಂಡು ಅಂದ: "ದಾರಿ ಇದ್ದಾಂವಗ ನೀರಿಲ್ಲ. ನೀರಿದ್ದಾಂವಗ ದಾರಿ ಇಲ್ಲ. ಉಣ್ಣಾಕ ಬಂದ ನಮಗ ಎರಡೂ ಇಲ್ಲ."

ಖಾಜಾಸಾಬ ಚನ್ನಬಸವಣ್ಣನ ಮನೆಗೆ ಓಡಿದ. ಕೂಗಾಡಿದ. ಚನ್ನಬಸವಣ್ಣ ಶಾಂತವಾಗಿ ಮಜ್ಜಿಗೆ ಕೊಟ್ಟ.

"ನಾ ಏನರ ಸುಳ್ಳು ಹೇಳೀನೇನ್ರಿ? ಕೇಳ್ರಿ ಕೇಳ್ರಿ ಅಂತ ಬಾಯಿ ನೋಯೂಹಂಗ ಹೇಳಿದೆ. ಭಾಳ ಮಾತಾಡತೀರಿ ಅಂದವರು ನೀವ."

ಅಂದಿನಿಂದ ಯುದ್ಧ. ಖಾಜಾಸಾಬ ಹಳ್ಳ ದಾಟಿ, ಮೊಳಕಾಲಿನ ತನಕ ಕೆಸರು ಮಾಡಿಕೊಂಡು, ಬಾವಿಯ ಬಾಯಿಗೂ ಮುಳ್ಳು ಹೇರಿ ಬಂದ. ದಸ್ತಗೀರಸಾಬ ಬೇಲಿಗೆ ಇನ್ನೊಂದು ಪದರು ಏರಿಸಿದ. ಖಾಜಾಸಾಬ ಅರ್ಜಿ ಕೊಟ್ಟು ಸರ್ವೇಯರನನ್ನು ಕರೆಸಿದ. ಸರ್ವೇಯರ್ ಸರಪಳಿ ಹಿಡಿದು ಬಂದ, ಖಾಜಾಸಾಬ ತಂದ ಊಟ ಉಂಡ, ದಸ್ತಗೀರಸಾಬ ತಂದ ಊಟವನ್ನೂ ಉಂಡ. ಇಬ್ಬರಿಗೂ ಬೇಸರವಾಗದಂತೆ ಎರಡರಲ್ಲೂ ಉಪ್ಪು ಕಡಿಮೆ ಅಂದ. ಆಮೇಲೆ ಅಳೆದ.

"ಅಳತಿ ಬರೋಬರಿ ಐತಿ. ಬಾವಿ ಇವರದು, ದಾರಿ ಹಾಯೂ ನೆಲಾ ಅವರದು" ಅಂದ.

"ಹಂಗಾದ್ರ ನನಗ ದಾರಿ?"

"ಕೋರ್ಟಿಗೆ ಹೋಗ್ರಿ. ಹೋಗೂದಕ್ಕ ಬ್ಯಾರೆ ದಾರಿ ಇಲ್ಲದ ಹೊಲಕ್ಕ ದಾರಿ ಖಂಡಿತ ಸಿಗತೈತಿ. ನಿಮಗಲ್ಲ, ನಿಮ್ಮ ಮೊಮ್ಮಕ್ಕಳಿಗೆ."

ಮಳೆ ಬಂತು. ಅಡರಕಟ್ಟಿಯಲ್ಲೆಲ್ಲ ಬಿತ್ತಿದರು. ಎತ್ತು ಹೋಗಲಾರದ ಖಾಜಾಸಾಬನ ಹೊಲದಲ್ಲಿ ಕಸ ಎದೆಯೆತ್ತರ ಬೆಳೆಯಿತು. ದಸ್ತಗೀರಸಾಬ ಶೇಂಗಾ ಬಿತ್ತಿದ. ಹೂ ಬಿಡುವ ಹೊತ್ತಿಗೆ ಮಳೆ ಹೋಯಿತು. ಒಡ್ಡಿನ ಆಚೆ ಬಾವಿ ತುಂಬಿ ತುಳುಕುತ್ತಿತ್ತು, ಈಚೆ ಶೇಂಗಾ ಒಣಗಿತು. ಖಾಜಾಸಾಬ ಬಸ್ಸಿನ ಖರ್ಚು ಹಾಕಿಕೊಂಡು ಹೋಗಿ, ಹಳ್ಳ ದಾಟಿ, ಅದು ಒಣಗುವುದನ್ನು ನೋಡಿ ಬರುತ್ತಿದ್ದ. ದಸ್ತಗೀರಸಾಬ ಲೂನಾ ಹತ್ತಿ ಬಂದು, ಅವನ ಕಸ ಎಷ್ಟು ಬೆಳೆಯಿತು ನೋಡಿಕೊಂಡು ಹೋಗುತ್ತಿದ್ದ. ಇಬ್ಬರಿಗೂ ಆ ವರ್ಷ ಅದೇ ಸುಗ್ಗಿ.

ಇತ್ತ ಅಕ್ಕತಂಗಿಯರ ಮನೆಗಳ ನಡುವೆ ಹೋಗಿಬರುವುದು ನಿಂತಿತು. ಗಂಡಂದಿರು ಆಣೆ ಹಾಕಿಸಿದ್ದರು. ಖೈರುನಬಿಯ ಅವಳಿಗಳಿಗೆ ಜ್ವರ ಬಂದ ಸುದ್ದಿ ಗೌಸಬಿಗೆ ತಿಳಿದದ್ದು ಕಾಯಿಪಲ್ಲೆ ಮಾರುವವಳ ಬಾಯಿಂದ. ಆ ದಿನ ಅವಳು ಒಲೆ ಹಚ್ಚಲಿಲ್ಲ.

"ಬಂಗಾರ ಹೋತು, ಸುಮ್ಮನಿದ್ದೆ. ಹೊಲದಾಗ ಕಸಾ ಬೆಳೀತು, ಸುಮ್ಮನಿದ್ದೆ. ನನ್ನ ಅಕ್ಕನೂ ಹೋದ್ರ ಸುಮ್ಮನಿರೂದಿಲ್ಲ" ಅಂದು ಅಕ್ಕನ ಮನೆಗೆ ಹೋದಳು. ಆಣೆಯನ್ನು ಮನೆಯಲ್ಲೇ ಬಿಟ್ಟು ಹೋದಳು. ಇಬ್ಬರೂ ಕೂತು ಅತ್ತು, ಚಾ ಕುಡಿದು, ಮುಂಡರಗಿಗೆ ಹೇಳಿ ಕಳಿಸಿದರು.

ಮುಂಡರಗಿಯಲ್ಲಿ ಅವರ ಕಿರಿಯ ತಂಗಿ ಮೋತಿಬಿ ಇದ್ದಳು. ಅವಳ ಗಂಡ ಬುಡ್ಡೇಸಾಬ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬಿನಲ್ಲಿ ಸದಾ ಹಿಟ್ಟು, ಬಾಯಲ್ಲಿ ಮಾತು ಕಡಿಮೆ. ಹಿರಿಯ ಸಡ್ಡಕರಿಬ್ಬರೂ ಅವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನ ಮೇಲೆ ಹೊಟ್ಟೆಕಿಚ್ಚು ಪಡಲು ಇಷ್ಟು ವರ್ಷ ಒಂದು ಕಾರಣವನ್ನೂ ಅವನು ಕೊಟ್ಟಿರಲಿಲ್ಲ. ಆದ್ದರಿಂದ ರಾಜಿಗೆ ಅವನೇ ತಕ್ಕವನು ಅಂತ ಇಬ್ಬರೂ ಒಪ್ಪಿದರು.

ಹಿಂಗಾರಿ ಮಳೆ ಹಿಡಿದ ಹೊತ್ತಿಗೆ ಬುಡ್ಡೇಸಾಬ ಬಂದ. ಖಾಜಾಸಾಬನ ಅಂಗಡಿಯಲ್ಲಿ ಒಂದು ಗಾದಿಯ ಈ ತುದಿಗೆ ಖಾಜಾಸಾಬ, ಆ ತುದಿಗೆ ದಸ್ತಗೀರಸಾಬ, ನಡುವೆ ಬುಡ್ಡೇಸಾಬ. ಇಬ್ಬರ ದೂರನ್ನೂ ಕೇಳಿ ಮುಗಿಸಿ ಅವನು ಅಂದ:

"ಅಣ್ಣಾರ, ನಾನೂ ಒಂದು ಹೊಲಾ ತಗೋಬೇಕಂತ ಮಾಡೀನಿ. ಏನೇನ ನೋಡಬೇಕ್ರಿ?"

ರಾಜಿ ಅಲ್ಲಿಗೇ ನಿಂತಿತು. ಹೊಲದ ವಿಷಯದಲ್ಲಿ ತನಗೆ ತಿಳಿದಷ್ಟು ಇನ್ನೊಬ್ಬನಿಗೆ ತಿಳಿದಿಲ್ಲ ಅಂತ ತೋರಿಸಲು ಇಬ್ಬರಿಗೂ ಇದಕ್ಕಿಂತ ಒಳ್ಳೆಯ ಸಮಯ ಬರುವಂತಿರಲಿಲ್ಲ.

"ಮೊದಲ ದಾರಿ ನೋಡು!" ಅಂದ ಖಾಜಾಸಾಬ. "ಖಾಲಿ ಕೈಲೆ ನಡಕೊಂಡು ಹೋಗಬ್ಯಾಡ. ಬಂಡಿ ಹೊಡಕೊಂಡು ಹೋಗು. ಬಂಡಿ ಹೊಕ್ಕರ ಹೊಲಾ, ಹೊಗದಿದ್ರ ಅದು ಚಿತ್ರಪಟ."

"ದಾರಿ ಏನ ದೊಡ್ಡದು, ನೀರು ನೋಡು!" ಅಂದ ದಸ್ತಗೀರಸಾಬ. "ಬಾವಿ ಕಣ್ಣಿಗೆ ಕಂಡ್ರ ನಿಂದಾಗೂದಿಲ್ಲ. ಕಾಗದದಾಗ ಬಾವಿ ಅಂತ ಬರಸು. ಬಾವಿ ಐತಿ ಅಂತಲ್ಲ, ಬಾವಿ ಕೊಟ್ಟೀನಿ ಅಂತ!"

"ದಾರಿನೂ ಬರಸು!"

"ಒಡ್ಡಿನ ಮ್ಯಾಲೆ ನಿಂತು ನಾಕೂ ದಿಕ್ಕಿನವರನ್ನ ಕರಿ. ನಿಮ್ಮ ಹೊಲದ ಹದ್ದು ಎಲ್ಲಿ ತನಕ ಅಂತ ಅವರ ಬಾಯಿಂದ ಹೇಳಸು."

"ಮೆಣಸಿನಕಾಯಿ ಬೆಳೆಯೂ ಮುದುಕಿ ಮಗ್ಗಲದಾಗ ಇದ್ರ ತಗೋಬ್ಯಾಡ!"

"ಮಾರಾಂವನ ಅಕ್ಕತಂಗ್ಯಾರ ಸಹಿ!"

"ಬ್ಯಾಸಿಗ್ಯಾಗ ಒಮ್ಮೆ ಹೋಗು, ಮಳಿಗಾಲದಾಗ ಒಮ್ಮೆ ಹೋಗು!"

"ಮತ್ತ ಭಾಳ ಮುಖ್ಯ," ಅಂದ ಖಾಜಾಸಾಬ, ದನಿ ಇಳಿಸಿ, "ಮಾರಾಂವ 'ಮತ್ತೇನರ ಕೇಳೂದೈತೇನು' ಅಂತ ಕೇಳಿದ್ರ, ಎದ್ದು ಬರಬ್ಯಾಡ. ಮತ್ತ ಕೇಳು. 'ನಾ ಏನ ಕೇಳಿಲ್ಲ ಹೇಳ್ರಿ' ಅಂತ ಕೇಳು!"

ಬುಡ್ಡೇಸಾಬ ಎಲ್ಲದಕ್ಕೂ "ಹೌದ್ರಿ ಅಣ್ಣಾರ" ಅಂದ. ಚಾ ಕುಡಿದ. ಸಂಜೆಯ ಬಸ್ಸಿಗೆ ಮುಂಡರಗಿಗೆ ಹೋದ. ಅವನು ಹೋದ ಮೇಲೆ, ರಾಜಿಯಾಗಲಿಲ್ಲ ಅನ್ನುವುದು ಗೌಸಬಿ ಹೇಳಿದಾಗಲೇ ಇವರಿಬ್ಬರಿಗೆ ಹೊಳೆದದ್ದು. ಮತ್ತೆ ಮುಖ ತಿರುಗಿಸಿಕೊಂಡರು.

ಮುಂದಿನ ಬೇಸಿಗೆ ಕಳೆದು ಮಳೆಗಾಲ ಬರುವ ಮುಂಚೆ ಮುಂಡರಗಿಯಿಂದ ಕರೆ ಬಂತು. ಬುಡ್ಡೇಸಾಬ ಸಿಂಗಟಾಲೂರಿನಲ್ಲಿ ಹೊಲ ಕೊಂಡಿದ್ದ, ಎಲ್ಲರಿಗೂ ಹೊಲದಲ್ಲೇ ಊಟ. ಖಾಜಾಸಾಬನಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ದಸ್ತಗೀರಸಾಬ ಹೋಗುತ್ತಾನೆ ಅಂತ ತಿಳಿದು ಹೊರಟ. ದಸ್ತಗೀರಸಾಬನೂ ಅದೇ ಕಾರಣಕ್ಕೆ ಹೊರಟಿದ್ದ.

ಹೊಳೆಯ ದಂಡೆಯ ಎರೆಹೊಲ. ತುಂಗಭದ್ರೆ ಎದುರಿಗೇ ಹರಿಯುತ್ತಿತ್ತು. ಊರಿನಿಂದ ಬಂಡಿಗಳು ಎಲ್ಲೂ ನಿಲ್ಲದೆ ನೇರ ಹೊಲದ ನಡುವೆಯೇ ಹೋಗಿ ನಿಂತವು. ಖಾಜಾಸಾಬ ಬಂಡಿಯಿಂದ ಇಳಿಯಲು ಮರೆತು ಸ್ವಲ್ಪ ಹೊತ್ತು ಕೂತೇ ಇದ್ದ. ಒಂದು ಮೂಲೆಯಲ್ಲಿ ಹೊಸ ಇಂಜಿನ್ನು ಹೊಳೆಯ ನೀರನ್ನು ದಬದಬ ಎತ್ತಿ ಹಾಕುತ್ತಿತ್ತು. ದಸ್ತಗೀರಸಾಬ ಅದರ ಮುಂದೆ ಹೋಗಿ ನಿಂತವನು ಬಿಳಿ ಅಂಗಿಯೆಲ್ಲ ನೆನೆದರೂ ಸರಿಯಲಿಲ್ಲ. ನಾಲ್ಕೂ ದಿಕ್ಕಿನ ಹೊಲದವರು ಊಟಕ್ಕೆ ಬಂದಿದ್ದರು. ಒಬ್ಬರಾದರೂ ಜಗಳ ತೆಗೆಯುತ್ತಾರೇನೋ ಅಂತ ಖಾಜಾಸಾಬ ಆಸೆಯಿಂದ ನೋಡಿದ. ಅವರು ಬಡಿಸಲು ನಿಂತರು.

ಬುಡ್ಡೇಸಾಬ ಎಲ್ಲರಿಗೂ ಕೇಳುವ ಹಾಗೆ ಅಂದ: "ಇದೆಲ್ಲಾ ನಮ್ಮ ಅಣ್ಣಾರ ಇಬ್ಬರು ಹೇಳಿಕೊಟ್ಟದ್ದು. ಅವರು ಹೇಳಿದ್ದರಾಗ ಒಂದೂ ಬಿಟ್ಟಿಲ್ಲ. ಅವರಂಥ ತಿಳಿದವರು ಗದಗ ಸೀಮ್ಯಾಗ ಇಲ್ಲ."

ಮಂದಿ ಇಬ್ಬರ ಕಡೆ ತಿರುಗಿ ನೋಡಿದರು. ಖಾಜಾಸಾಬ ತುತ್ತು ಬಾಯಿಗೆ ತುರುಕಿಕೊಂಡ. ದಸ್ತಗೀರಸಾಬ ಕೆಮ್ಮಿದ. ಬುಡ್ಡೇಸಾಬನ ಮುಖದಲ್ಲಿ ಕುಚೋದ್ಯ ಇದೆಯೇನೋ ಅಂತ ಇಬ್ಬರೂ ಹುಡುಕಿದರು. ಒಂದಿಷ್ಟೂ ಇರಲಿಲ್ಲ. ಅದೇ ಅವರಿಗೆ ಹೆಚ್ಚು ಉರಿಯಿತು.

ಮರಳುವ ಬಸ್ಸಿನಲ್ಲಿ ಅಕ್ಕತಂಗಿಯರು ಬೇಕಂತಲೇ ಒಂದು ಸೀಟು ಹಿಡಿದರು. ಉಳಿದದ್ದು ಒಂದೇ ಸೀಟು. ಖಾಜಾಸಾಬ, ದಸ್ತಗೀರಸಾಬ ಮಗ್ಗುಲಿಗೆ ಮಗ್ಗುಲು ಕೂತರು. ಬಸ್ಸು ಮುಂಡರಗಿ ದಾಟಿತು.

ಆಮೇಲೆ ದಸ್ತಗೀರಸಾಬ ಕಿಟಕಿಗೆ ಹೇಳುವಂತೆ ಅಂದ: "ಅವನ ದಾರ್ಯಾಗ ಎರಡು ಬಂಡಿ ಎದುರಾಬದರ ಹೋಗತಾವ."

"ಅವನಿಗ್ಯಾಕ ಬೇಕಿತ್ತು ಅಷ್ಟು ದಾರಿ? ಒಂದ ಗಿರಣಿ, ಒಂದ ಹೆಂಡತಿ" ಅಂದ ಖಾಜಾಸಾಬ.

"ಇಂಜಿನ್ನ ನೋಡಿದ್ಯಾ? ಏನ ಸದ್ದು, ಏನ ಡೌಲು!"

"ನೋಡಿದೆ. ಹೊಳಿ ಇವರಪ್ಪ ತೋಡಿಸಿದಂಗ ಮಾಡತಾನ."

ಇಬ್ಬರಿಗೂ ಎಷ್ಟೋ ತಿಂಗಳ ಮೇಲೆ ಉಸಿರು ಸಲೀಸಾಯಿತು. ದಸ್ತಗೀರಸಾಬ ಜೇಬಿನಿಂದ ಅಡಿಕೆ ತೆಗೆದು ಅರ್ಧ ಕೊಟ್ಟ. ಖಾಜಾಸಾಬ ತೆಗೆದುಕೊಂಡ.

"ಖಾಜಾ, ಅವನ ಹೊಲಾ ನಂದಕಿಂತ ದೊಡ್ಡದು."

"ನಂದಕಿಂತಾನೂ ದೊಡ್ಡದೈತ್ರಿ, ಅಣ್ಣಾರ."

"ಆದ್ರ ನಿಂದು ನಂದು ಕೂಡಿಸಿದ್ರ?"

ಬಸ್ಸು ಒಂದು ತಗ್ಗಿನಲ್ಲಿ ಹಾರಿತು. ಖಾಜಾಸಾಬ ಹಾರಿದ್ದು ಬಸ್ಸಿನಿಂದಲೋ ಮಾತಿನಿಂದಲೋ ಹೇಳಲಾಗದು. ಇಬ್ಬರೂ ಬೆರಳು ಮಡಿಚಿ ಎಣಿಸತೊಡಗಿದರು. ಹಿಂದಿನ ಸೀಟಿನಲ್ಲಿ ಗೌಸಬಿ ಅಕ್ಕನ ಮೊಳಕೈ ತಿವಿದಳು.

ಮರುದಿನ ಬೆಳಿಗ್ಗೆ ಅಡರಕಟ್ಟಿಯಲ್ಲಿ ಇಬ್ಬರೂ ಸೇರಿ ಬೇಲಿ ಕಿತ್ತರು. ಬಾವಿಯ ಬಾಯಿಯ ಮುಳ್ಳನ್ನೂ ತೆಗೆದರು. ಕೈಯೆಲ್ಲ ಗೀರಿ ರಕ್ತ ಬಂದರೂ, ತನ್ನ ಕೈಗೇ ಹೆಚ್ಚು ಗೀರಿದೆ ಅಂತ ಇಬ್ಬರೂ ಒಬ್ಬರಿಗೊಬ್ಬರು ತೋರಿಸಿಕೊಂಡರು. ಆಮೇಲೆ ಖಾಜಾಸಾಬ, ಖರೀದಿ ಮಾಡಿ ವರ್ಷವಾದ ಮೇಲೆ ಮೊದಲ ಸಲ, ಕಾಲಿಗೆ ಕೆಸರು ಹತ್ತದೆ ತನ್ನ ಹೊಲಕ್ಕೆ ನಡೆದು ಹೋದ. ಹಿಂದೆ ಬಾಡಿಗೆಯ ಎತ್ತುಗಳು ಬಂದವು. ನಡುವಿನ ಒಡ್ಡಿನ ಮೇಲೆ ಗೌಸಬಿ, ಖೈರುನಬಿ ರೊಟ್ಟಿಯ ಗಂಟು ಬಿಚ್ಚಿ ಕೂತಿದ್ದರು.

ಖಾಜಾಸಾಬ ಒಡ್ಡಿನ ಹತ್ತಿರ ನಿಂತು ರೂಢಿಯಂತೆ ಸಡ್ಡಕನ ಹೊಲದ ಕಡೆ ನೋಡಿದ. ಅಲ್ಲಿ ಕರಿಕೆ ಇತ್ತು, ತಗ್ಗಿತ್ತು, ಕಲ್ಲಿದ್ದವು. ಯಾವುದನ್ನು ನೋಡಿದರೂ ಮನಸ್ಸಿಗೆ ಮೊದಲಿನ ಖುಷಿ ಆಗಲಿಲ್ಲ. ಇದನ್ನೆಲ್ಲ ಈಗ ತಾನೂ ಕೂಡಿಯೇ ಹಸನು ಮಾಡಬೇಕಲ್ಲ ಅನ್ನಿಸಿತು. ಸ್ವಲ್ಪ ಹೊತ್ತು ಏನೋ ಕಳೆದುಕೊಂಡವನ ಹಾಗೆ ನಿಂತ.

"ಅಣ್ಣಾರ," ಅಂತ ಕೂಗಿದ, "ಬುಡ್ಡೇಸಾಬ ಈ ವರ್ಷ ಏನ ಬಿತ್ತತಾನಂತ?"

"ಉಳ್ಳಾಗಡ್ಡಿ ಹಚ್ಚತಾನಂತ."

"ಅದೆಂಗ ಬರತೈತಿ ಅವನಿಗೆ, ನೋಡೇಬಿಡೂಣು!" ಅಂದು ಖಾಜಾಸಾಬ ಧೋತರ ಮೇಲೆ ಕಟ್ಟಿ ಎತ್ತುಗಳ ಹಿಂದೆ ಇಳಿದ.